ಸಹಾಯ ಬೇಕು: 'ವಿ' ಮತ್ತ 'ಡಬ್ಲ್ಯೂ' ಬ್ಯಾರೆ ಮಾಡಿಸೂದು ಹೆಂಗ?

ನಮಸ್ಕಾರ್ರೀ. ವಿಜಯಪುರದಾಗ ಹೈಸ್ಕೂಲ್ ಹುಡುಗರಿಗೆ ಇಂಗ್ಲಿಷ್ ಉಚ್ಚಾರ ಕಲಸಾಕ ಪದಜೋಡಿ (ಈ ಎರಡು ದನಿಯಾಗಷ್ಟ ಫರಕ ಇರೂ ಎರಡೆರಡು ಪದ) ಬೇಕಾಗ್ಯಾವ.

'ಎಫ್' ಸರಳ: ಮ್ಯಾಲಿನ ಹಲ್ಲು ಕೆಳತುಟಿಗೆ ತಾಗಿಸಿ ಗಾಳಿ ಬಿಟ್ರ ಬಂತು. ಅದಕ್ಕ ದನಿ ಕೂಡಿಸಿದ್ರ 'ವಿ'. ಗಂಟಲ ಮ್ಯಾಲೆ ಬೆರಳಿಟ್ರ ನಡುಕ ಗೊತ್ತಾಗ್ತದ. ತೊಡಕು ಡಬ್ಲ್ಯೂದು. ಕನ್ನಡದಾಗ ಎರಡಕ್ಕೂ ಒಂದ 'ವ', ಹಿಂಗಾಗಿ ಕಿವಿಗೇ ಫರಕ ಸಿಗೂದಿಲ್ಲ. ದ್ರಾಕ್ಷಿ ಬಳ್ಳಿನೂ 'ವೈನ್', ಅದರ ಸೆರೆನೂ 'ವೈನ್'! ತುಟಿ ಗುಂಡಗ ಮಾಡಿ 'ಉ' ಅಂದು, ಅದಕ್ಕ 'ಐನ್' ಹಚ್ಚಿ 'ಉಐನ್' ಅನ್ನಿಸಿದ್ರ ಬಿಡಿ ಪದ ಸರಿ ಬರ್ತದ. ವಾಕ್ಯ ಓದೂ ಮುಂದ ತುಟಿ ಮತ್ತ ಸಡಿಲ.

ವೆಟ್ (vet-wet), ವೆಸ್ಟ್ (vest-west) ಜೋಡಿ ಅದಾವ. ಇನ್ನೊಂದು ಹತ್ತು ಜೋಡಿ, ಎರಡೂ ಒಂದ ವಾಕ್ಯದಾಗ ಬರೂಹಂಗ ಇದ್ರ ಕಳಸ್ರಿ. ('ಎಮ್ಮೆಲ್ಲೆ' ಹೋಗಿ 'ಯೆಮ್ಮೆಲ್ಲೆ' ಆಗೂದು ಇರ್ಲಿ ಬಿಡ್ರಿ, ಅರ್ಥ ಕೆಡೂದಿಲ್ಲ.)