ಪದಚರ್ಚೆ: ನಕ್ಷೆ ತಂತ್ರಾಂಶದ ‘ಟೆರಿಟರಿ’ ಪ್ರದೇಶವೋ, ವ್ಯಾಪ್ತಿಯೋ, ಸರಹದ್ದೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಬೀಜ, ಗೊಬ್ಬರ, ಕೀಟನಾಶಕ ಮಾರುವ ಕಂಪನಿಯೊಂದರ ಮಾರಾಟ ಸಿಬ್ಬಂದಿಗೆ ಕನ್ನಡದಲ್ಲಿ ಕೈಪಿಡಿ ಬರೆದುಕೊಡುತ್ತಿದ್ದೇನೆ. ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದಲ್ಲಿ ಮಾರಾಟದ ಲೆಕ್ಕಗಳನ್ನು ಊರೂರಿನ ಮೇಲೆ ಹರಡಿ ನೋಡುವುದು ಹೇಗೆ, ಯಾವ ಊರುಗಳನ್ನು ಯಾರಿಗೆ ವಹಿಸಬೇಕೆಂದು ತೀರ್ಮಾನಿಸುವುದು ಹೇಗೆ ಎಂಬುದು ಅದರ ವಿಷಯ. ಓದುವವರು ರಾಯಚೂರು, ಕೊಪ್ಪಳ, ಯಾದಗಿರಿ ಕಡೆಯ ಸೇಲ್ಸ್ ಹುಡುಗರು ಮತ್ತು ತಾಲ್ಲೂಕು ಮಟ್ಟದ ಡೀಲರುಗಳು. ನಕ್ಷೆ ಅವರಿಗೆ ಹೊಸದಲ್ಲ. ಹೊಲದ ಬದುವಿನ ಮೇಲೆ ನಿಂತು ದಿಶಾಂಕ್ ಆ್ಯಪ್ ತೆರೆದು ಸರ್ವೆ ನಂಬರು ನೋಡುವ ಜನ. ಹಾಗಾಗಿ ಪದಗಳು ನಿಘಂಟಿಗೆ ಒಪ್ಪಿಗೆಯಾದರೆ ಸಾಲದು, ಸಿಂಧನೂರಿನ ಗೊಬ್ಬರದ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆಯೂ ಓಡಬೇಕು.

ನನ್ನ ಮುಖ್ಯ ಪ್ರಶ್ನೆ ‘ಟೆರಿಟರಿ’ಯದು. ಒಬ್ಬ ಮಾರಾಟಗಾರನಿಗೆ ವಹಿಸಿಕೊಟ್ಟ ಊರುಗಳ ಗುಂಪಿಗೆ ಆ ಹೆಸರು. ಡೀಲರುಗಳು ಮಾತಿನಲ್ಲಿ ‘ಏರಿಯಾ’ ಎನ್ನುತ್ತಾರೆ. ‘ನಮ್ಮ ಏರಿಯಾದಲ್ಲಿ ಪಕ್ಕದವರು ಮಾಲು ಇಳಿಸಿದ್ದಾರೆ’ ಎಂಬ ದೂರು ಕೇಳದ ವಾರವಿಲ್ಲ. ಏರಿಯಾ ಎಂದೇ ಬರೆದುಬಿಡಬಹುದಿತ್ತು. ಆದರೆ ಕಂಪನಿಯ ಏಣಿಯಲ್ಲಿ ಏರಿಯಾ ಮ್ಯಾನೇಜರ್ ಎಂಬಾತ ಟೆರಿಟರಿಯವನಿಗಿಂತ ಒಂದು ಮೆಟ್ಟಿಲು ಮೇಲಿದ್ದಾನೆ, ಅವನ ಕೈಕೆಳಗೆ ಹಲವು ಟೆರಿಟರಿಗಳಿವೆ. ಸಾಲದ್ದಕ್ಕೆ ಕೃಷಿ ಲೆಕ್ಕದಲ್ಲಿ ಏರಿಯಾ ಎಂದರೆ ಬಿತ್ತನೆಯ ವಿಸ್ತೀರ್ಣ. ‘ಏರಿಯಾದಲ್ಲಿ ಭತ್ತದ ಏರಿಯಾ’ ಎಂದು ಬರೆದು ನೋಡಿದರೆ ನನಗೇ ನಗು ಬಂತು.

ಸರಿ, ಕನ್ನಡದ ಪದಗಳಿಗೆ ಬಂದರೆ ಬರವೇನಿಲ್ಲ, ಆದರೆ ಒಂದೊಂದಕ್ಕೂ ಆಗಲೇ ಒಬ್ಬೊಬ್ಬ ಯಜಮಾನ ಇದ್ದಾನೆ. ವಲಯ ಎಂದರೆ ಅರಣ್ಯ ಇಲಾಖೆಯವರಿಗೆ ಒಬ್ಬ ವಲಯ ಅರಣ್ಯಾಧಿಕಾರಿಯ ಕಾಡು. ರೈಲ್ವೆಯವರಿಗೆ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ಇಡೀ ನೈಋತ್ಯ ರೈಲ್ವೆ. ವೃತ್ತ ಎಂದರೆ ಅಂಚೆಯವರಿಗೆ ಕರ್ನಾಟಕವೆಲ್ಲ, ಕಂದಾಯದವರಿಗೆ ಗ್ರಾಮ ಆಡಳಿತ ಅಧಿಕಾರಿಯ (ಹಿಂದಿನ ಗ್ರಾಮ ಲೆಕ್ಕಿಗನ) ನಾಲ್ಕಾರು ಊರು, ಬಸ್ಸಿನಲ್ಲಿ ಕುಳಿತವರಿಗೆ ಇಳಿಯಬೇಕಾದ ಚೌಕ. ವಿಭಾಗ ಕೇಳಿದರೆ ಕಲಬುರಗಿ ಕಂದಾಯ ವಿಭಾಗ ಕಣ್ಣಮುಂದೆ ಬರುತ್ತದೆ. ಕ್ಷೇತ್ರಕ್ಕೆ ಚುನಾವಣೆಯ ಅರ್ಥವೂ ತೀರ್ಥಯಾತ್ರೆಯ ಅರ್ಥವೂ ಅಂಟಿಕೊಂಡಿವೆ. ‘ನನ್ನ ಕ್ಷೇತ್ರಕ್ಕೆ ಹೋಗಿ ಬರುತ್ತೇನೆ’ ಎಂದು ಸೇಲ್ಸ್‌ಮನ್ ಹೇಳಿದರೆ ಅವನು ಟಿಕೆಟ್ ಆಕಾಂಕ್ಷಿಯೇ ಇರಬೇಕು. ಕರಾವಳಿಯಲ್ಲಿ ಮಾಗಣೆ, ಸೀಮೆ ಎಂಬ ಸೊಗಸಾದ ಪದಗಳಿವೆ. ಒಂದು ದೇವಸ್ಥಾನದ ಅಥವಾ ಮನೆತನದ ಹಕ್ಕು, ಕಟ್ಟುಪಾಡುಗಳು ಎಷ್ಟು ಊರುಗಳಿಗೆ ನಡೆಯುತ್ತವೆ ಎಂಬುದನ್ನು ಅವು ಹೇಳುತ್ತವೆ. ಅರ್ಥ ಹತ್ತಿರದ್ದೇ, ಆದರೆ ಘಟ್ಟ ಹತ್ತಿ ರಾಯಚೂರಿಗೆ ಬಂದರೆ ಮಾಗಣೆಯನ್ನು ಯಾರೂ ಗುರುತಿಸುವುದಿಲ್ಲ.

ಕಂಪನಿಯವರು ಮೊದಲು ಯಾರಿಂದಲೋ ಮಾಡಿಸಿದ್ದ ಕರಡಿನಲ್ಲಿ ‘ಮಾರಾಟ ಪ್ರದೇಶ’ ಎಂದಿತ್ತು. ಅದನ್ನು ಓದಿದವನಿಗೆ ಮಾರಾಟ ನಡೆಯುವ ಜಾಗ, ಅಂದರೆ ಸಂತೆಯೋ ಎಪಿಎಂಸಿ ಪ್ರಾಂಗಣವೋ ನೆನಪಾಗುತ್ತದೆ. ಪ್ರದೇಶ ಎಂಬುದು ಬರೀ ನೆಲ, ಅದಕ್ಕೆ ಉತ್ತರ ಹೇಳುವವನು ಯಾರೂ ಇಲ್ಲ. ಟೆರಿಟರಿಯ ಜೀವವೇ ಆ ಉತ್ತರದಾಯಿತ್ವದಲ್ಲಿದೆ. ಆ ನೆಲ ಕಂಪನಿಯದಲ್ಲ, ರೈತರು ಕಂಪನಿಯವರಲ್ಲ, ಅಂಗಡಿಯೂ ಅಲ್ಲ. ಅಲ್ಲಿ ಮಾಲು ಹೋದರೂ ಹೋಗದಿದ್ದರೂ ತಿಂಗಳ ಕೊನೆಯ ಸಭೆಯಲ್ಲಿ ಎದ್ದು ನಿಲ್ಲಬೇಕಾದವನು ಯಾರು ಎಂಬುದಷ್ಟೇ ಆ ಗೆರೆಗಳ ಅರ್ಥ.

ಇಷ್ಟೇ ಅರ್ಥವನ್ನು ಹೊತ್ತ ಪದವೊಂದು ಪೊಲೀಸ್ ಠಾಣೆಯಲ್ಲಿ ನಮಗೆಲ್ಲ ಪರಿಚಯವಾಗಿದೆ: ‘ಇದು ನಮ್ಮ ಠಾಣೆಯ ಸರಹದ್ದಿಗೆ ಬರುವುದಿಲ್ಲ.’ ಠಾಣೆಗೆ ಆ ನೆಲದ ಮೇಲೆ ಒಡೆತನವಿಲ್ಲ, ಹೊಣೆ ಇದೆ. ಹೊಣೆ ಜಾರಿಸಿಕೊಳ್ಳುವುದಕ್ಕೂ ಅದೇ ಪದ ಬಳಕೆಯಾಗುತ್ತದೆ ಎಂಬುದು ಮಾರಾಟ ವಿಭಾಗಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಪಾರಸಿಯ ಸರ್, ಅರಬ್ಬಿಯ ಹದ್ ಸೇರಿ ಆದ ಪದ. ಅದೇ ಹದ್ದಿನಿಂದ ನಮ್ಮ ಭೂಮಾಪನದ ಹದ್ದುಬಸ್ತು ಬಂದಿದೆ, ಹದ್ದು ಮೀರುವುದೂ ಬಂದಿದೆ. ಕಾಲುಭಾಗ ಕೆಲಸ ಹೀಗೆ ಬಿಟ್ಟಿಯಾಗಿ ಆಗಿಬಿಡುತ್ತದೆ: ಪಕ್ಕದ ಡೀಲರ್ ಬಂದು ಮಾಲು ಇಳಿಸಿದರೆ ‘ಸರಹದ್ದು ಮೀರಿದ ಮಾಲು’ ಎಂದರೆ ಸಾಕು, ವಿವರಣೆ ಬೇಕಿಲ್ಲ.

ವ್ಯಾಪ್ತಿಯನ್ನೂ ತೂಗಿ ನೋಡಿದ್ದೇನೆ. ಪತ್ರಿಕೆಗಳು ಈಗ ಠಾಣಾ ವ್ಯಾಪ್ತಿ ಎಂದೇ ಬರೆಯುತ್ತವೆ. ತೊಂದರೆ ವ್ಯಾಕರಣದ್ದು. ವ್ಯಾಪ್ತಿಯನ್ನು ಎಣಿಸುವುದು ಕಷ್ಟ. ‘ಜಿಲ್ಲೆಯನ್ನು ನಾಲ್ಕು ವ್ಯಾಪ್ತಿಗಳಾಗಿ ಮಾಡಿ’ ಎಂದು ಬರೆದಾಗ ಕಿವಿಗೆ ಏನೋ ತಡೆಯುತ್ತದೆ. ‘ನಾಲ್ಕು ಸರಹದ್ದುಗಳಾಗಿ’ ಎಂದಾಗ ತಡೆಯುವುದಿಲ್ಲ. ‘ಮಾರಾಟ ವ್ಯಾಪ್ತಿ’ಯನ್ನಂತೂ ಮಾರಾಟ ಎಷ್ಟರ ಮಟ್ಟಿಗೆ ಹರಡಿದೆ ಎಂದೇ ಓದಿಕೊಳ್ಳುತ್ತಾರೆ.

ಸರಹದ್ದಿಗೆ ಇರುವ ಒಂದೇ ದೊಡ್ಡ ಆಕ್ಷೇಪ ನನಗೆ ಗೊತ್ತು. ಹಿಂದಿಯ ಗಾಳಿ ಬೀಸುವ ಕಡೆ ಅದು ಗಡಿಯ ಗೆರೆ ಮಾತ್ರ, ಒಳಗಿನ ನೆಲವಲ್ಲ. ತಂತ್ರಾಂಶದಲ್ಲಿ ಈ ಎರಡೂ ಬೇಕು, ಬೇರೆಬೇರೆಯಾಗಿ ಬೇಕು: ಗೆರೆಯನ್ನು ಎಳೆದು ಸರಿಸುವುದು ಒಂದು ಕೆಲಸ, ಒಳಗಿನದಕ್ಕೆ ಬಣ್ಣ ತುಂಬಿ ಲೆಕ್ಕ ಕೂಡಿಸುವುದು ಇನ್ನೊಂದು. ಗೆರೆಗೆ ಎಲ್ಲೆ, ಒಳಗಿನದಕ್ಕೆ ಸರಹದ್ದು ಎಂದು ಮೊದಲ ಪುಟದಲ್ಲೇ ಹೇಳಿಬಿಟ್ಟರೆ ನಡೆಯುತ್ತದೆಯೇ? ಕಲಬುರಗಿ, ಬೀದರ್ ಕಡೆಯವರು ದಯವಿಟ್ಟು ಹೇಳಬೇಕು.

ಇದಕ್ಕೆ ಅಂಟಿಕೊಂಡ ಇನ್ನೊಂದು ಪದ ಸುಲಭವಾಗಿ ಬಗೆಹರಿಯಿತು. ಒಬ್ಬನಿಗೆ ಕೆಲಸ ಹೆಚ್ಚಾಗಿ ಇನ್ನೊಬ್ಬನಿಗೆ ಕಡಿಮೆಯಾದಾಗ ಊರುಗಳನ್ನು ಅದಲು ಬದಲು ಮಾಡಿ ತೂಕ ಸರಿದೂಗಿಸುತ್ತಾರೆ. ಇಂಗ್ಲಿಷ್ ಕೈಪಿಡಿಯಲ್ಲಿ ಅದಕ್ಕೆ ರೀಅಲೈನ್‌ಮೆಂಟ್ ಎಂದಿದೆ. 2008ರ ವಿಧಾನಸಭಾ ಚುನಾವಣೆಗೆ ಮೊದಲು ಕ್ಷೇತ್ರ ಪುನರ್‌ವಿಂಗಡಣೆಯಾಗಿ ಮಸ್ಕಿ ಹೊಸ ಕ್ಷೇತ್ರವಾದದ್ದು ಆ ಭಾಗದಲ್ಲಿ ಎಲ್ಲರಿಗೂ ನೆನಪಿದೆ. ಹಾಗಾಗಿ ‘ಸರಹದ್ದು ಪುನರ್‌ವಿಂಗಡಣೆ’ ಎಂದಿದ್ದೇನೆ. ಯಾರ ಊರು ಯಾರಿಗೆ ಹೋಗುತ್ತದೋ ಎಂಬ ಆತಂಕವೂ ಪದದ ಜೊತೆಗೇ ಬರುತ್ತದೆ.

ಈಗ ಬಣ್ಣದ ನಕ್ಷೆಗಳು. ಇಲ್ಲಿ ಎರಡು ಬಗೆಗಳಿವೆ, ಕನ್ನಡದಲ್ಲಿ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಿದ್ದೇವೆ. ಮೊದಲನೆಯದು ಹೀಟ್ ಮ್ಯಾಪ್. ಅಂಗಡಿಗಳೋ ಗಿರಾಕಿಗಳೋ ಒತ್ತಾಗಿರುವಲ್ಲಿ ಬಣ್ಣ ಗಾಢವಾಗುತ್ತದೆ, ತಾಲ್ಲೂಕಿನ ಗೆರೆಗಳಿಗೆ ಅದು ಸೊಪ್ಪು ಹಾಕುವುದಿಲ್ಲ. ‘ಉಷ್ಣನಕ್ಷೆ’ ಎಂಬ ಪದವನ್ನು ಅಲ್ಲಲ್ಲಿ ನೋಡಿದ್ದೇನೆ. ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಕುಳಿತವನ ಕೈಗೆ ಉಷ್ಣನಕ್ಷೆ ಎಂದು ಕೆಂಪು ಬಣ್ಣದ ಹಾಳೆ ಕೊಟ್ಟರೆ ಅವನು ಅದನ್ನು ಬಿಸಿಲಿನ ಲೆಕ್ಕ ಎಂದೇ ನೋಡುತ್ತಾನೆ, ನೋಡಲೇಬೇಕು. ‘ದಟ್ಟಣೆ ನಕ್ಷೆ’ ಚೆನ್ನಾಗಿತ್ತು, ಆದರೆ ವಾಹನ ದಟ್ಟಣೆ ಅದನ್ನು ಆಕ್ರಮಿಸಿಕೊಂಡಿದೆ. ಜನಸಾಂದ್ರತೆ ಶಾಲೆಯಲ್ಲಿ ಕಲಿತ ಪದವಾದ್ದರಿಂದ ‘ಸಾಂದ್ರತೆ ನಕ್ಷೆ’ಗೆ ನನ್ನ ಮತ.

ಎರಡನೆಯದು ಕೋರೋಪ್ಲೆತ್. ಜಿಲ್ಲೆ, ತಾಲ್ಲೂಕು, ಹೋಬಳಿ ಹೀಗೆ ಒಂದೊಂದು ಘಟಕಕ್ಕೆ ಒಂದೊಂದು ಛಾಯೆ ತುಂಬಿದ ನಕ್ಷೆ. ಇಂಥದ್ದನ್ನು 1826ರಲ್ಲಿ ಫ್ರಾನ್ಸಿನ ಶಾರ್ಲ್ ದ್ಯೂಪ್ಯಾಂ ಮೊದಲು ಬರೆದ. ಹೆಸರು ಸಿಕ್ಕಿದ್ದು ಮಾತ್ರ 1938ರಲ್ಲಿ, ಅಮೆರಿಕದ ಜಾನ್ ರೈಟ್ ಅವರಿಂದ. ನೂರು ವರ್ಷ ಹೆಸರಿಲ್ಲದೆಯೇ ನಡೆದ ವಸ್ತು ಎಂದ ಮೇಲೆ ನಾವೂ ಹೆಸರಿಗೆ ಅವಸರಪಡಬೇಕಿಲ್ಲ. ನಮ್ಮಲ್ಲಿ ‘ವಾರು’ ಎಂಬ ಪ್ರತ್ಯಯ ಇದೆಯಲ್ಲ! ಜಿಲ್ಲಾವಾರು, ತಾಲ್ಲೂಕುವಾರು, ಹೋಬಳಿವಾರು. ‘ತಾಲ್ಲೂಕುವಾರು ನಕ್ಷೆ’ ಎಂದರೆ ಕೋರೋಪ್ಲೆತ್ ಹೇಳಬೇಕಾದದ್ದೆಲ್ಲ ಬಂತು, ಯಾವ ಘಟಕ ಎಂಬುದೂ ಬಂತು. ಇದಕ್ಕಿಂತ ಚಿಕ್ಕದಾದ ಉತ್ತರ ಯಾರಲ್ಲಾದರೂ ಇದ್ದರೆ ತಿಳಿಸಿ.

ವಾರು ಪ್ರತ್ಯಯದ ಇನ್ನೊಂದು ಲಾಭ, ಅದು ನಕ್ಷೆಯ ದೋಷವನ್ನೂ ಬಿಟ್ಟುಕೊಡುತ್ತದೆ. ಲಿಂಗಸುಗೂರು ತಾಲ್ಲೂಕಿನಲ್ಲಿ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಕಂಡ ಊರುಗಳಿವೆ, ಮಳೆಯನ್ನೇ ನೆಚ್ಚಿದ ಊರುಗಳೂ ಇವೆ. ತಾಲ್ಲೂಕುವಾರು ನಕ್ಷೆಯಲ್ಲಿ ಎರಡಕ್ಕೂ ಒಂದೇ ನಸುಹಸಿರು. ಭತ್ತದ ಕೀಟನಾಶಕ ಮಾರುವವನು ಆ ನಸುಹಸಿರನ್ನು ನಂಬಿ ಹೊರಟರೆ ಅರ್ಧ ದಿನ ಜೋಳದ ಹೊಲಗಳ ನಡುವೆ ಸುತ್ತುತ್ತಾನೆ. ಹೋಬಳಿವಾರು ಮಾಡಿದರೆ ಚಿತ್ರವೇ ಬದಲಾಗುತ್ತದೆ. ಇನ್ನೂ ಒಂದು ಸಿಕ್ಕು ಇದೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಗೆ ಐದೇ ತಾಲ್ಲೂಕು. ಮಸ್ಕಿ, ಸಿರವಾರ ತಾಲ್ಲೂಕುಗಳಾದದ್ದು ಆಮೇಲೆ. ಹಳೆಯ, ದೊಡ್ಡ ಮಾನ್ವಿಯ ಜನಸಂಖ್ಯೆಯನ್ನು ಈಗಿನ, ಚಿಕ್ಕದಾದ ಮಾನ್ವಿಯ ಮಾರಾಟಕ್ಕೆ ಜೋಡಿಸಿದರೆ ಅಲ್ಲಿನ ಸೇಲ್ಸ್‌ಮನ್ ಸುಮ್ಮನೆ ಸೋಮಾರಿಯಾಗಿ ಕಾಣುತ್ತಾನೆ.

ಇದೇ ಮಾತಿಗೆ ಸೇರಿದ ಇನ್ನೊಂದು ಪದ ‘ಪೊಟೆನ್ಷಿಯಲ್’. ಒಂದು ಸರಹದ್ದಿನಲ್ಲಿ ಹೆಚ್ಚೆಂದರೆ ಎಷ್ಟು ಮಾಲು ಹೋಗಬಹುದು ಎಂಬ ಅಂದಾಜು. ಕರಡಿನಲ್ಲಿ ‘ಮಾರಾಟ ಸಾಮರ್ಥ್ಯ’ ಎಂದಿದೆ, ಅದು ಎಲ್ಲಕ್ಕಿಂತ ಕೆಟ್ಟ ಅನುವಾದ. ಸಾಮರ್ಥ್ಯ ಮನುಷ್ಯನಿಗೆ ಸೇರಿದ್ದು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಗಿ ನೀರು ನದಿಗೆ ಹರಿದಾಗ ಆ ವರ್ಷದ ಬೆಳೆಯ ಬಗ್ಗೆ ಎಲ್ಲರ ಎದೆ ನಡುಗಿತು. ಅಂಥ ಹೊತ್ತಿನಲ್ಲಿ ಏರುಪೇರಾಗುವುದು ಸಿಂಧನೂರಿನ ಬೇಡಿಕೆ, ಅಲ್ಲಿನ ಹುಡುಗನ ಸಾಮರ್ಥ್ಯವಲ್ಲ. ‘ಬೇಡಿಕೆಯ ಅಂದಾಜು’ ಎಂದು ಸದ್ಯಕ್ಕೆ ಹಾಕಿದ್ದೇನೆ. ಸ್ವಲ್ಪ ಸಪ್ಪೆ, ಆದರೆ ಯಾರ ಮೇಲೂ ಗೂಬೆ ಕೂರಿಸುವುದಿಲ್ಲ.

ನನಗೆ ಬಹಳ ಆಸೆಯಾಗಿ, ಕೊನೆಗೆ ಕೈಬಿಟ್ಟ ಪದ ‘ಅಚ್ಚುಕಟ್ಟು’, ಅಂದರೆ ಕೆರೆಯ ಅಥವಾ ಕಾಲುವೆಯ ನೀರು ಉಣ್ಣುವ ಜಮೀನು. ಒಂದು ಅಂಗಡಿಗೆ ಎಲ್ಲೆಲ್ಲಿಂದ ಗಿರಾಕಿ ಬರುತ್ತಾನೆ ಎಂಬುದಕ್ಕೆ ಇಂಗ್ಲಿಷಿನವರು ಕ್ಯಾಚ್‌ಮೆಂಟ್ ಎನ್ನುತ್ತಾರೆ, ಮಳೆನೀರು ಹರಿದು ಕೆರೆಗೆ ಬಂದು ಸೇರುವ ನೆಲದ ಹೆಸರು ಅದು. ಅಂಗಡಿಗೆ ಸರಿ. ಆದರೆ ಡೀಲರನ ಗೋದಾಮಿನಿಂದ ಮಾಲು ಹೊರಗೆ ಹೋಗುತ್ತದೆ, ತೂಬಿನಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ನೀರು ಹೋದ ಹಾಗೆ. ಕೊನೆಯಂಚಿನವನಿಗೆ ತಡವಾಗಿ ಮುಟ್ಟುವುದೂ ಹಾಗೆಯೇ. ಆ ಲೆಕ್ಕಕ್ಕೆ ಗೋದಾಮಿನ ಅಚ್ಚುಕಟ್ಟು ಎನ್ನುವುದು ಎಷ್ಟು ಚೆಂದ! ಆದರೆ ಓದುಗರು ತುಂಗಭದ್ರಾ ಎಡದಂಡೆಯವರು. ಅವರಿಗೆ ಅಚ್ಚುಕಟ್ಟು ಎಂದರೆ ನಿಜವಾದ ನೀರಾವರಿ ಜಮೀನು, ನಮ್ಮ ಕೈಪಿಡಿಯ ನಕ್ಷೆಯಲ್ಲೇ ಅದಕ್ಕೊಂದು ಪದರ (ನಕ್ಷೆಯ ಮೇಲೆ ಹಾಸುವ ಮಾಹಿತಿಯ ಹಾಳೆ, ಲೇಯರ್) ಇದೆ. ಬೆಂಗಳೂರಿನ ಕಚೇರಿಯವರಿಗೋ, ಅದು ಗೋದಾಮನ್ನು ಗುಡಿಸಿ ಇಟ್ಟಿರುವುದು. ಎರಡೂ ಕಡೆ ಕೆಟ್ಟಿತು. ಬದಲಿಗೆ ‘ಗಿರಾಕಿ ಬರುವ ಊರುಗಳು’ ಎಂದು ಬಿಡಿಸಿಯೇ ಬರೆದಿದ್ದೇನೆ. ಮಸ್ಕಿಯ ರೈತ ಸಿಂಧನೂರಿಗೂ ಹೋಗಬಹುದು, ಲಿಂಗಸುಗೂರಿಗೂ ಹೋಗಬಹುದು. ದೂರ ಮತ್ತು ಅಂಗಡಿಯ ಗಾತ್ರ ನೋಡಿ ಎಷ್ಟು ಪಾಲು ಎಲ್ಲಿಗೆ ಎಂದು ಊಹಿಸುವ ಡೇವಿಡ್ ಹಫ್ ಅವರ 1963ರ ಸೂತ್ರವನ್ನು ವಿವರಿಸುವಾಗಲೂ ಈ ಬಿಡಿಮಾತು ತೊಡಕಾಗಲಿಲ್ಲ.

ಜಿಯೋಕೋಡಿಂಗ್ ಬಗ್ಗೆ ಚಿಕ್ಕದಾಗಿ. ವಿಳಾಸ ಕೊಟ್ಟರೆ ತಂತ್ರಾಂಶ ಅದರ ಅಕ್ಷಾಂಶ, ರೇಖಾಂಶ ಹುಡುಕಿ ನಕ್ಷೆಯ ಮೇಲೆ ಚುಕ್ಕೆ ಇಡುತ್ತದೆ. ‘ಭೂಸಂಕೇತೀಕರಣ’ ಎನ್ನುವವರಿಗೆ ಕೈಮುಗಿಯುತ್ತೇನೆ. ನಾನು ‘ನೆಲೆ ಹಚ್ಚುವುದು’ ಎಂದಿದ್ದೇನೆ. ಪತ್ತೆ ಹಚ್ಚುವುದರ ಅಣ್ಣತಮ್ಮ. ತಪ್ಪಿದಾಗ ‘ನೆಲೆ ತಪ್ಪಿದೆ’ ಎಂದೂ ಆಗುತ್ತದೆ, ಅದು ಆಗಾಗ ಬೇಕಾಗುವ ಮಾತು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲಿನಿಂದಲೂ ಒಂದು ವಿಜಯಪುರ ಇತ್ತು. ಪಿನ್‌ಕೋಡ್ ಇಲ್ಲದ ಪಟ್ಟಿಯನ್ನು ತಂತ್ರಾಂಶಕ್ಕೆ ಉಣಿಸಿದರೆ ದ್ರಾಕ್ಷಿಗೆ ಔಷಧ ಕೊಳ್ಳುವ ಉತ್ತರದ ಅಂಗಡಿ ವಿಮಾನ ನಿಲ್ದಾಣದ ಮಗ್ಗುಲಿಗೆ ಬಂದು ಕೂರುತ್ತದೆ. ಅಲ್ಲಿಯೂ ದ್ರಾಕ್ಷಿ ಬೆಳೆಯುವುದರಿಂದ ಯಾರಿಗೂ ಅನುಮಾನವೂ ಬರುವುದಿಲ್ಲ.

ಮಾರಾಟಗಾರ ಸರದಿಯಂತೆ ಸುತ್ತುವ ಅಂಗಡಿಗಳ ದಾರಿಗೆ ಬೀಟ್ ಎನ್ನುತ್ತಾರೆ, ಅದನ್ನು ಬೀಟ್ ಎಂದೇ ಉಳಿಸಿದ್ದೇನೆ. ಅರಣ್ಯ ಇಲಾಖೆಯವರು ಗಸ್ತು ಎಂದು ಮಾಡಿಕೊಂಡಿದ್ದಾರೆ, ಅವರಿಗೆ ಅದು ಸರಿ. ಬಿತ್ತನೆ ಬೀಜದ ಚೀಲ ಹೊತ್ತವನು ಗಸ್ತು ತಿರುಗಿದರೆ ಅಂಗಡಿಯವರು ಬಾಗಿಲು ಹಾಕಿಕೊಂಡಾರು. ಲೇಯರ್‌ಗೆ ಪದರ, ಅದರಲ್ಲಿ ಚರ್ಚೆಯಿಲ್ಲ.

ಪ್ರಯಾಣದ ಸಮಯದ ನಕ್ಷೆಯ ಹತ್ತಿರ ಮಾತ್ರ ನಿಜಕ್ಕೂ ಸಿಕ್ಕಿಹಾಕಿಕೊಂಡಿದ್ದೇನೆ. ಗೋದಾಮಿನಿಂದ ಮೂವತ್ತು ಕಿಲೋಮೀಟರಿನ ದುಂಡು ಗೆರೆ ಹಾಕುವುದು ಸುಲಭ. ಆದರೆ ದೇವದುರ್ಗದಿಂದ ಹಾಗೆ ಹಾಕಿದರೆ ಅದು ಕೃಷ್ಣೆಯನ್ನು ದಾಟಿ ಶಹಾಪುರ ತಾಲ್ಲೂಕಿನ ಊರುಗಳನ್ನೂ ಒಳಗೆ ಎಳೆದುಕೊಳ್ಳುತ್ತದೆ. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟ ದಿನ ಹೂವಿನಹೆಡಗಿ ಸೇತುವೆ ಮುಳುಗುತ್ತದೆ, ಟೆಂಪೊ ಸುತ್ತಿ ಹೋಗಬೇಕು. ಆದ್ದರಿಂದ ದೂರದ ಬದಲು ಹೊತ್ತನ್ನು ಅಳೆದು, ಒಂದು ಗಂಟೆಯಲ್ಲಿ ಮುಟ್ಟಬಹುದಾದ ಊರುಗಳನ್ನೆಲ್ಲ ಸೇರಿಸಿ ಗೆರೆ ಎಳೆಯುತ್ತಾರೆ. ಅದು ಐಸೋಕ್ರೋನ್. ಭೂಗೋಳದ ಪುಸ್ತಕದ ಸಮಭಾರ ರೇಖೆ, ಸಮೋಷ್ಣ ರೇಖೆಗಳ ಸಾಲಿನಲ್ಲಿ ‘ಸಮಕಾಲ ರೇಖೆ’ ಎನ್ನಬಹುದು, ಆದರೆ ಸಮಕಾಲೀನ ಸಾಹಿತ್ಯದ ವಾಸನೆ ಹೊಡೆಯುತ್ತದೆ. ‘ಗಂಟೆ ಗೆರೆ’ ಎಂದರೆ ಹೇಗೆ? ಅರ್ಧ ಗಂಟೆ ಗೆರೆ, ಎರಡು ಗಂಟೆ ಗೆರೆ ಎಂದು ಬೆಳೆಸಲೂ ಬರುತ್ತದೆ. ಪತ್ರಿಕೆಯ ಪಾರ್ಸೆಲ್, ಹಾಲಿನ ವಾಹನ, ಔಷಧ ಸಾಗಣೆಯಲ್ಲಿ ಕೆಲಸ ಮಾಡುವವರು ಬಳಗದಲ್ಲಿದ್ದರೆ, ಇಷ್ಟು ಹೊತ್ತಿನೊಳಗೆ ಮುಟ್ಟುವ ಊರುಗಳಿಗೆ ನಿಮ್ಮವರು ಏನಾದರೂ ಹೆಸರು ಇಟ್ಟುಕೊಂಡಿದ್ದಾರೆಯೇ ಎಂದು ಊರಿನ ಹೆಸರಿನೊಂದಿಗೆ ಬರೆಯಿರಿ.