ಎದುರುಪಕ್ಷ ಕೋರ್ಟಿಗೆ ಬಾರದಿದ್ದರೆ ಅದು ಒಪ್ಪಿಗೆಯ ವಿಚ್ಛೇದನವಾಗುತ್ತದೆಯೇ?

ಪ್ರಶ್ನೆ (ಬದಿಯಡ್ಕದಿಂದ)

ನನ್ನ ತಂಗಿಯ ಮದುವೆ 5 ವರ್ಷಗಳ ಹಿಂದೆ ಬದಿಯಡ್ಕದಲ್ಲಿ ಹಿಂದೂ ಸಂಪ್ರದಾಯದಂತೆ ನಡೆಯಿತು. ಗಂಡನ ಮನೆ ಪುತ್ತೂರಿನಲ್ಲಿದೆ. ಹೊಂದಾಣಿಕೆಯಾಗದೆ ಅವಳು 3 ವರ್ಷದ ಮಗುವಿನೊಂದಿಗೆ ತವರಿಗೆ ಬಂದು ಒಂದೂವರೆ ವರ್ಷ ಕಳೆಯಿತು. ಹಿರಿಯರು ಎರಡು ಸಲ ಕುಳಿತು ಮಾತಾಡಿದರೂ ಫಲ ಸಿಗಲಿಲ್ಲ. ಈಗ ಅವರ ಕಡೆಯವರು, "ನೀವೇ ಕೇಸು ಹಾಕಿ, ನಾವು ಕೋರ್ಟಿಗೆ ಬರುವುದಿಲ್ಲ, ವಿಚ್ಛೇದನ ತಾನಾಗಿ ಸಿಗುತ್ತದೆ" ಎನ್ನುತ್ತಿದ್ದಾರೆ. ಪರಸ್ಪರ ಒಪ್ಪಿಗೆಯ ವಿಚ್ಛೇದನವೆಂದರೆ ಇದೇ ಏನು? ಅರ್ಜಿಯನ್ನು ಕಾಸರಗೋಡಿನಲ್ಲಿ ಸಲ್ಲಿಸಬೇಕೋ, ಪುತ್ತೂರಿನಲ್ಲೋ?

ಉತ್ತರ 1 (ಮಂಜೇಶ್ವರದ ವಕೀಲರು)

ಖಂಡಿತ ಅಲ್ಲ. ದಯವಿಟ್ಟು ಆ ಸಲಹೆಯನ್ನು ಒಪ್ಪಬೇಡಿ. ಒಬ್ಬರೇ ಸಲ್ಲಿಸುವ ಅರ್ಜಿ ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಡಿ ಬರುತ್ತದೆ. ಅಲ್ಲಿ ಕ್ರೌರ್ಯ, ಪರಿತ್ಯಾಗ ಮುಂತಾದ ಕಾರಣಗಳಲ್ಲಿ ಒಂದನ್ನಾದರೂ ಸಾಬೀತುಪಡಿಸಬೇಕು. "ಹೊಂದಾಣಿಕೆಯಿಲ್ಲ" ಎಂಬುದಷ್ಟೇ ಕಾರಣವಾಗದು. ಪರಿತ್ಯಾಗಕ್ಕೆ ನಿರಂತರವಾಗಿ 2 ವರ್ಷ ತುಂಬಬೇಕಾದುದರಿಂದ ನಿಮ್ಮ ತಂಗಿಗೆ ಆ ದಾರಿ ಇನ್ನೂ ತೆರೆದಿಲ್ಲ. ಎದುರುಪಕ್ಷ ಹಾಜರಾಗದಿದ್ದರೂ ಸಾಕ್ಷ್ಯ ಕೊಡಲೇಬೇಕು. ಇಷ್ಟಲ್ಲದೆ, ಇಬ್ಬರೂ ಒಳಗೊಳಗೆ ಮಾತಾಡಿಕೊಂಡು ನಡೆಸುವ ಕೇಸಿಗೆ ಪರಿಹಾರ ಕೊಡಬಾರದೆಂದು 23ನೇ ಕಲಮು ಹೇಳುತ್ತದೆ. ಏಕಪಕ್ಷೀಯ ಡಿಕ್ರಿ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಸಮನ್ಸು ಸರಿಯಾಗಿ ತಲುಪಿರಲಿಲ್ಲವೆಂದು ಅವರು ಮುಂದೆ ಅದನ್ನು ರದ್ದುಪಡಿಸಲು ಕೇಳಬಹುದು.

ಒಪ್ಪಿಗೆಯ ವಿಚ್ಛೇದನ 13ಬಿ ಕಲಮಿನದು. 1976ರ ತಿದ್ದುಪಡಿಯಿಂದ ಬಂದ ಈ ದಾರಿಯಲ್ಲಿ ಕನಿಷ್ಠ 1 ವರ್ಷ ಬೇರೆಯಾಗಿ ಬಾಳಿದ ಗಂಡಹೆಂಡಿರು ಜಂಟಿಯಾಗಿ ಅರ್ಜಿ ಸಲ್ಲಿಸುತ್ತಾರೆ, ಯಾರೂ ಯಾರ ಮೇಲೂ ತಪ್ಪು ಹೊರಿಸಬೇಕಿಲ್ಲ. 6 ತಿಂಗಳ ಬಳಿಕ, 18 ತಿಂಗಳೊಳಗೆ, ಎರಡನೆಯ ಬಾರಿ ಒಪ್ಪಿಗೆ ತಿಳಿಸಬೇಕು. ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆಯಾಗಿದ್ದು, ಜೀವನಾಂಶ, ಮಗುವಿನ ಪಾಲನೆ ಎಲ್ಲವೂ ಇತ್ಯರ್ಥವಾಗಿದ್ದು, ರಾಜಿಯ ಪ್ರಯತ್ನ ಸೋತಿದ್ದರೆ ಆ 6 ತಿಂಗಳ ಕಾಯುವಿಕೆಯನ್ನು ನ್ಯಾಯಾಲಯ ಮನ್ನಿಸಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ.

ಮದುವೆ ಬದಿಯಡ್ಕದಲ್ಲಿ ನಡೆದುದರಿಂದ ಕಾಸರಗೋಡಿನ ಕುಟುಂಬ ನ್ಯಾಯಾಲಯ ಸಾಕು. ಆದರೆ ಅವರು ಕರ್ನಾಟಕದಲ್ಲಿ ಬೇರೆ ಕೇಸು ಹಾಕಿದರೆ, ಅದನ್ನು ಗಡಿಯ ಈಚೆಗೆ ವರ್ಗಾಯಿಸಿಕೊಳ್ಳಲು ಸುಪ್ರೀಂ ಕೋರ್ಟಿಗೇ ಹೋಗಬೇಕಾಗುತ್ತದೆ. ನಮ್ಮ ಕಡೆಯ ಸಂಬಂಧಗಳೆಲ್ಲ ಹೊಳೆ ದಾಟಿದಷ್ಟು ಸುಲಭವಾಗಿ ಗಡಿ ದಾಟುತ್ತವೆ. ಕೇಸುಗಳು ಹಾಗೆ ದಾಟುವುದಿಲ್ಲ.

ಉತ್ತರ 2 (ಕುಂಬಳೆಯಿಂದ)

ನಾನು ಈ ದಾರಿಯಲ್ಲಿ ನಡೆದವಳು, ಆದ್ದರಿಂದ ಒಂದು ಮಾತು ಸೇರಿಸುತ್ತೇನೆ. ಡಿಕ್ರಿ ಆಗುವವರೆಗೆ ಯಾರು ಬೇಕಾದರೂ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು. ನನ್ನ ವಿಷಯದಲ್ಲಿ ಎರಡನೆಯ ಹೇಳಿಕೆಯ ದಿನ ಅವರು ಮನಸ್ಸು ಬದಲಿಸಿದರು, ಬಂಗಾರದ ವಿಷಯವನ್ನು ಬಾಯಿಮಾತಿನಲ್ಲೇ ಬಿಟ್ಟಿದ್ದ ನಾನು ಬರಿಗೈಯಲ್ಲಿ ಉಳಿದೆ. ಸ್ತ್ರೀಧನ, ಮಗುವಿನ ಖರ್ಚು, ತಂದೆ ಮಗುವನ್ನು ನೋಡುವ ದಿನಗಳು, ಎಲ್ಲವನ್ನೂ ಒಪ್ಪಂದದಲ್ಲಿ ಬರೆಸಿ. ಅರ್ಜಿ ಇಂಗ್ಲಿಷಿನಲ್ಲಿದ್ದರೆ ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳಿಸಿಕೊಂಡ ಮೇಲೆಯೇ ತಂಗಿ ಸಹಿ ಹಾಕಲಿ. ನಾನು ಹಾಗೆ ಕೇಳಲು ಸಂಕೋಚಪಟ್ಟದ್ದು ಇಂದಿಗೂ ನೋಯಿಸುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಜಂಟಿ ಅರ್ಜಿಗೆ ಅವರು ಒಪ್ಪದಿದ್ದರೆ ಏನು ಮಾಡುವುದು? ವಕೀಲರ ಶುಲ್ಕದ ಚಿಂತೆಯೂ ಇದೆ.

ಉತ್ತರ 1 (ಮಂಜೇಶ್ವರದ ವಕೀಲರು)

ಜೀವನಾಂಶಕ್ಕೆ ವಿಚ್ಛೇದನದವರೆಗೆ ಕಾಯಬೇಕಿಲ್ಲ, ತಂಗಿ ತನಗೂ ಮಗುವಿಗೂ ಈಗಲೇ ಕೇಳಬಹುದು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಮಾತುಕತೆಗೆ ಗಂಡನ ಕಡೆಯವರನ್ನು ಅಲ್ಲಿಂದಲೇ ಕರೆಸಲು ಕೇಳಿಕೊಳ್ಳಿ. ಮದುವೆಯ ದಾಖಲೆ, ಮಗುವಿನ ಜನನ ಪ್ರಮಾಣಪತ್ರ, ತಂಗಿ ತವರಿಗೆ ಬಂದ ದಿನಾಂಕ, ಇವಿಷ್ಟು ಕೈಯಲ್ಲಿರಲಿ.