ಸಹಾಯ ಬೇಕು: ಲಿಟಲ್ ರಾಕ್ ಸುದ್ದಿ ಇರುವ 1957ರ ಕನ್ನಡ ಪತ್ರಿಕೆಗಳು

ಎಲ್ಲರಿಗೂ ನಮಸ್ಕಾರ. ಪಿಯು ಮಕ್ಕಳಿಗೆ ಇತಿಹಾಸ ಪಾಠ ಮಾಡುತ್ತೇನೆ. ಶೀತಲ ಸಮರ ಅಂದರೆ ಅವರಿಗೆ ಬರೀ ಅಣುಬಾಂಬು, ಕ್ಷಿಪಣಿ. ಅದಕ್ಕೂ ಅಮೆರಿಕದ ಕಪ್ಪು ಜನರ ಹೋರಾಟಕ್ಕೂ ಇದ್ದ ನಂಟು ತೋರಿಸಬೇಕು.

1957ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅರ್ಕನ್ಸಾ ರಾಜ್ಯದ ಲಿಟಲ್ ರಾಕ್ ಊರಲ್ಲಿ, ಅಲ್ಲಿಯವರೆಗೆ ಬಿಳಿಯರಿಗಷ್ಟೇ ಇದ್ದ ಶಾಲೆಗೆ ಒಂಬತ್ತು ಕಪ್ಪು ಮಕ್ಕಳು ಕಾಲಿಡದಂತೆ ಆ ರಾಜ್ಯದ ಗವರ್ನರ್ ಬಂದೂಕು ಹಿಡಿದ ರಾಜ್ಯದ ಪಡೆಯನ್ನು ನಿಲ್ಲಿಸಿದ್ದರು. ಕೊನೆಗೆ ಮಕ್ಕಳನ್ನು ಒಳಗೆ ಕಳಿಸಲು ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಿದರು. ಆ ರಾತ್ರಿಯ ಭಾಷಣದಲ್ಲಿ, ನಮ್ಮ ಶತ್ರುಗಳು ಇದನ್ನು ಕಂಡು ಹಿಗ್ಗುತ್ತಿದ್ದಾರೆ ಎಂದೂ ಹೇಳಿದರು. ಸೈನ್ಯ ಕಳಿಸಲು ಮಕ್ಕಳ ಸಂಕಟದ ಜೊತೆ ಮಾಸ್ಕೋದ, ಅಂದರೆ ಸೋವಿಯತ್ ರಷ್ಯಾದ ಭಯವೂ ಬೇಕಾಯಿತಲ್ಲ, ಅದು ನನ್ನನ್ನು ಕಾಡುತ್ತದೆ. 1955ರಲ್ಲಿ ನಮ್ಮ ರಾಯಭಾರಿ ಜಿ.ಎಲ್. ಮೆಹ್ತಾ ಅವರನ್ನೇ ಹ್ಯೂಸ್ಟನ್ ವಿಮಾನ ನಿಲ್ದಾಣದ ಹೋಟೆಲಿನಲ್ಲಿ ಮೈಬಣ್ಣ ನೋಡಿ ಬೇರೆ ಕೂರಿಸಿದ್ದರು. ಅಮೆರಿಕ ಸರ್ಕಾರ ಕ್ಷಮೆ ಕೇಳಬೇಕಾಯಿತು.

1957ರ ಸೆಪ್ಟೆಂಬರ್-ಅಕ್ಟೋಬರ್‌ನ ಪ್ರಜಾವಾಣಿ, ಸಂಯುಕ್ತ ಕರ್ನಾಟಕ ಯಾರ ಮನೆಯಲ್ಲಾದರೂ ಇದೆಯೇ? ಪುಟದ ಫೋಟೊ ಸಾಕು. ಯಾವ ಗ್ರಂಥಾಲಯದಲ್ಲಿ ಸಿಗುತ್ತದೆ ಎಂದು ಹೇಳಿದರೂ ಉಪಕಾರ.

ಇನ್ನೊಂದು: ಅಮೆರಿಕದಲ್ಲಿ ಕಪ್ಪು ಜನರಿಗಿದ್ದ ಬೇರೆ ಶಾಲೆ, ಬೇರೆ ನಲ್ಲಿ, ಬೇರೆ ಸೀಟಿನ ಪದ್ಧತಿಗೆ ‘ಪ್ರತ್ಯೇಕತೆ’ ಅಂದರೆ ಸಪ್ಪೆ. ‘ಪಂಕ್ತಿಭೇದ’ ಅನ್ನಬಹುದೇ? ಮಕ್ಕಳಿಗೆ ತಕ್ಷಣ ನಾಟುತ್ತದೆ, ಆದರೆ ಅರ್ಥ ಜಾತಿಯ ಕಡೆಗೆ ವಾಲೀತೇ ಎಂಬ ಅನುಮಾನ. ತಿಳಿದವರು ಹೇಳಿ.